ಮರುಮದುವೆಯಾದರೆ ಗಂಡನ ತೋಟ ಕೈಬಿಟ್ಟು ಹೋಗುತ್ತಾ?

ಗಂಡ ತೀರಿಕೊಂಡು ಎರಡು ವರ್ಷ. ಇನ್ನೊಬ್ಬರನ್ನು ಮದುವೆಯಾದರೆ ಗಂಡನ ಹೆಸರಿನ ಎರಡು ಎಕರೆ ಅಡಿಕೆ ತೋಟ ಬಿಟ್ಟುಕೊಡಬೇಕು ಅಂತ ಭಾವ ಹೇಳುತ್ತಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ಇಲ್ಲ ತಂಗಿ, ಬಿಡಬೇಕಾಗಿಲ್ಲ.

ಭಾವನದು ಅಜ್ಜನ ಕಾಲದ ಮಾತು. 1856ರ ವಿಧವಾ ವಿವಾಹ ಕಾಯ್ದೆಯಲ್ಲಿ ಹಾಗೆ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಗಂಡ ಉಯಿಲು ಬರೆಯದೆ ಹೋದರೆ ಹೆಂಡತಿ, ಮಕ್ಕಳು, ಅವನ ತಾಯಿ ಎಲ್ಲರಿಗೂ ಸಮ ಪಾಲು. ಅಂದರೆ ನಿಮಗೆ, ಮಗಳಿಗೆ, ಅತ್ತೆಗೆ ಮೂರರಲ್ಲಿ ಒಂದೊಂದು. ಭಾವನಿಗೆ ಏನೂ ಇಲ್ಲ! ಗಂಡ ತೀರಿಕೊಂಡ ದಿನವೇ ನಿಮ್ಮ ಪಾಲು ನಿಮ್ಮದಾಯಿತು, ಆಮೇಲೆ ಮದುವೆಯಾದರೂ ವಾಪಸ್ ಹೋಗುವುದಿಲ್ಲ. ಪಹಣಿ ಇನ್ನೂ ಮಾವನ ಹೆಸರಲ್ಲೇ ಇದ್ದರೆ ಮಾತ್ರ ಲೆಕ್ಕ ಬೇರೆ, ವಕೀಲರಿಗೆ ತೋರಿಸಿ.

ಹೆದರಬೇಕಾದ್ದು ಮದುವೆಗಲ್ಲ, ಸಹಿಗೆ. ನಮ್ಮ ಚಿಕ್ಕಮ್ಮನ ಮಗಳಿಗೆ ಊಟದ ಮಧ್ಯೆ ಕಾಗದ ತಂದಿಟ್ಟಿದ್ದರು. ಬಲಗೈಯಲ್ಲಿ ಸಾರನ್ನ, ಎಡಗೈಗೆ ಪೆನ್ನು. 'ಪೌತಿ ಖಾತೆಗೆ ಒಂದು ಸಹಿ ಅಷ್ಟೇ' ಅಂದರು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ. ಕೈ ತೊಳೆದು ಬಂದು ಓದಿದರೆ ಅದು ಹಕ್ಕು ಬಿಡುಗಡೆ ಪತ್ರ.

ಇನ್ನು ಡೈರಿ ಮುಂದೆ ಹಾಲಿನ ಕ್ಯಾನ್ ಹಿಡಿದು ಮಾತಾಡುವವರ ವಿಷಯ. ಮದುವೆಯಾಗುವ ಹುಡುಗನನ್ನು ಕದ್ದು ಭೇಟಿಯಾದಷ್ಟೂ ಅವರಿಗೆ ಕಥೆ ಜಾಸ್ತಿ. ಅತ್ತೆಗೆ ನೀವೇ ಮೊದಲು ಹೇಳಿಬಿಡಿ. ಹುಡುಗನಿಗೂ ಒಂದು ಮಾತು ಹೇಳಿ: ಮಗಳ ಪಾಲನ್ನು ಅವಳಿಗೆ 18 ತುಂಬುವವರೆಗೆ ಕೋರ್ಟ್ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಅವನ ಮುಖ ಹೇಗಾಗುತ್ತೆ ಸುಮ್ನೆ ನೋಡಿ.