ಹಳೆಯ ಪೋಕರ್ ಚಿಪ್ಸ್: ಆಡೋದಾ, ಎತ್ತಿಡೋದಾ?

ವಾರದ ಆಟಕ್ಕೆ ಇಳಿಸಿದ ಮೇಲೆ ನಿಮ್ಮ ಹಳೆಯ ಪಾಲ್ಸನ್ ಕಂಪನಿಯ ಚಿಪ್‌ಗಳ (ಪೋಕರ್ ಇಸ್ಪೀಟಾಟದಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆಗಳ) ಅಂಚು ಸವೆದು ಬಂಗಾರದ ಅಕ್ಷರ ಮಾಸುತ್ತಿದೆ ಅಂದಿರಲ್ಲ, ಅದಕ್ಕೆ ಆಟಕ್ಕಿಂತ ಕೈಚಟವೇ ಕಾರಣ ಇರಬೇಕು. ಸರದಿ ಬರುವವರೆಗೆ ಎರಡು ಗುಡ್ಡೆ ಸೇರಿಸಿ ಕಟಕಟ ಅಂತ ಆಡಿಸುತ್ತಾ ಕೂರುತ್ತಾರಲ್ವಾ, ಅಂಚಿಗೆ ಅಂಚು ಉಜ್ಜುವುದು ಆಗಲೇ.

ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಅಕ್ಷರವನ್ನು ನೇರವಾಗಿ ಚಿಪ್ ಮೇಲೆ ಬಿಸಿಯಚ್ಚು ಒತ್ತಿದ್ದರೆ ಅದು ತೆಳು ಬಂಗಾರದ ಬಣ್ಣದ ಹಾಳೆ ಅಷ್ಟೇ, ಬೆರಳಿಗೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಂಥವನ್ನು ಇವತ್ತೇ ಎತ್ತಿಡಿ. ನಡುವೆ ಅಕ್ಷರ ಮುದ್ರಿಸಿದ ಚಿಕ್ಕ ಬಿಲ್ಲೆ ಕೂರಿಸಿದ್ದರೆ ಧೈರ್ಯವಾಗಿ ಆಡಿ. ನಿಮ್ಮಲ್ಲಿ ಎರಡೂ ಬೆರೆತಿರಬಹುದು, ಫೋಟೊ ನೋಡದೆ ಖಚಿತವಾಗಿ ಹೇಳಲಾರೆ.

ಆಮೇಲೆ ಪ್ರತಿ ಬಣ್ಣದಲ್ಲೂ ಅಂಚು ಚೂಪಾಗಿರುವ ಎರಡೆರಡನ್ನು ಆರಿಸಿ ತೆಗೆದಿಡಿ. ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿದರೆ ಅಲುಗದೆ ನಿಲ್ಲಬೇಕು, ನಾನು ಹಾಗೇ ಆರಿಸುವುದು. ಅವು ಒಂದಕ್ಕೊಂದು ತಾಗದ ಹಾಗೆ ಗಟ್ಟಿ ಡಬ್ಬಿಯಲ್ಲಿರಲಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ.

ಆಟಕ್ಕೆ ಇಟ್ಟುಕೊಂಡವು ಕೊಳೆಯಾದರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಬ್ರಷ್ ಸಾಕು. ನೆನೆಹಾಕಬೇಡಿ, ತಕ್ಷಣ ಒರೆಸಿ. ಬಣ್ಣ ಮಂಕಾಗಿದ್ದರೆ ಬಟ್ಟೆಗೆ ಒಂದೆರಡು ಹನಿ ಮಿನರಲ್ ಆಯಿಲ್ (ಬಣ್ಣ, ವಾಸನೆ ಇಲ್ಲದ ಎಣ್ಣೆ) ಹಾಕಿ ಸವರಿ, ರಾತ್ರಿಯಿಡೀ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಮೊದಲು ಒಂದೇ ಚಿಪ್ ಮೇಲೆ ಮಾಡಿ ನೋಡಿ.