ಹೊತ್ತು ತಪ್ಪಿದ ಪ್ರೀತಿಯ ನಿಮ್ಮ ಕಾದಂಬರಿ ಓದಿದೆ

ನಮಸ್ಕಾರ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವುದಕ್ಕೂ ಮನಸ್ಸು ಬರುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಕಥೆಯಲ್ಲಿ ಅವನು ಬಾಯಿ ಬಿಡುವ ಹೊತ್ತಿಗೆ ಅವಳಿಗೆ ಮದುವೆ ಗೊತ್ತಾಗಿದೆ. ಎಷ್ಟೋ ವರ್ಷದ ಮೇಲೆ ಅವಳು ಒಂಟಿಯಾಗಿ ಸಿಕ್ಕಾಗ ಅವನು ಊರು ಬಿಟ್ಟು ಹೊರಟಿದ್ದಾನೆ. ಕಥೆ ಹಳೆಯದು, ಪರವಾಗಿಲ್ಲ. ತೊಂದರೆ ಇರುವುದು ಅವರನ್ನು ನೀವು ದೂರ ಮಾಡುವ ರೀತಿಯಲ್ಲಿ. ಒಮ್ಮೆ ಫೋನಿನ ಚಾರ್ಜ್ ಮುಗಿಯುತ್ತದೆ. ಒಮ್ಮೆ ಪತ್ರ ಬೇರೆಯವರ ಕೈಗೆ ಸಿಗುತ್ತದೆ. ಆಮೇಲೆ ಅವಳು ನಿಲ್ದಾಣ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿರುತ್ತದೆ. ಮೊದಲನೆಯದನ್ನು ಓದುಗರು ನಂಬುತ್ತಾರೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಇದೆಲ್ಲ ಬರೆದವರ ಕೈವಾಡ ಅಂತ ಗೊತ್ತಾಗಿಬಿಡುತ್ತದೆ. ಚಾರ್ಜ್ ಇದ್ದಿದ್ದರೆ ಸರಿಹೋಗುತ್ತಿದ್ದ ಪ್ರೀತಿಗಾಗಿ ಯಾರೂ ಕೊರಗುವುದಿಲ್ಲ, ಅಲ್ವಾ?

ನಿಮ್ಮದೇ ಒಂಬತ್ತನೇ ಅಧ್ಯಾಯ ನೋಡಿ. ರಾತ್ರಿ ಅವಳು 'ಹೋಗಬೇಡ' ಅಂತ ಟೈಪ್ ಮಾಡಿ ಅಳಿಸುತ್ತಾಳೆ. ಮತ್ತೆ ಬರೆಯುತ್ತಾಳೆ, ಮತ್ತೆ ಅಳಿಸುತ್ತಾಳೆ. ಆ ಕಡೆ ಅವನು 'ಟೈಪಿಂಗ್' ಅಂತ ಬಂದು ಬಂದು ಹೋಗುವುದನ್ನೇ ನೋಡುತ್ತಾ ಕೂತಿದ್ದಾನೆ. ಕೊನೆಗೆ ಬರುವುದು 'ಇನ್ನೂ ಮಲಗಿಲ್ವಾ?' ಅಂತ ಮಾತ್ರ. 'ಈಗ ಮಲಗ್ತೀನಿ' ಅನ್ನುತ್ತಾನೆ. ಇಲ್ಲಿ ನಾನು ಪುಟ ತಿರುಗಿಸದೆ ಸುಮ್ನೆ ಕೂತುಬಿಟ್ಟೆ. ಇಬ್ಬರ ಕೈಯಲ್ಲೂ ಫೋನ್ ಇದೆ, ಮುಂದೆ ಇಡೀ ರಾತ್ರಿ ಇದೆ. ಆದರೂ ಮಾತು ಹೊರಡುವುದಿಲ್ಲ. ಯಾಕೆ ಅನ್ನುವುದನ್ನು ನೀವು ಎಲ್ಲೂ ಕಟ್ಟಿಲ್ಲ. ಅವನು ಬೇಡ ಅಂದುಬಿಟ್ಟರೆ ಅನ್ನುವ ಭಯವಾ? ಹೂಂ ಅಂದುಬಿಟ್ಟರೆ ಅನ್ನುವ ಭಯವಾ? ಎರಡೂ ಬೇರೆ ಬೇರೆ ಕಾದಂಬರಿಗಳು. ನಿಮ್ಮದು ಯಾವುದು?

ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಅವರ 'ಪರ್ಸುಯೇಷನ್' ಕಾದಂಬರಿ ಓದಿ. ಹಿತೈಷಿಯೊಬ್ಬಳ ಮಾತು ಕೇಳಿ ನಾಯಕಿ ಆ್ಯನ್ 19ನೇ ವಯಸ್ಸಿನಲ್ಲಿ ಗೊತ್ತಾದ ಮದುವೆ ಮುರಿಯುತ್ತಾಳೆ. ಮದುವೆಯಾಗಬೇಕಿದ್ದ ಆ ಹುಡುಗ ಮತ್ತೆ ಎದುರಾಗುವಾಗ ಅವಳಿಗೆ 27. 1816ರಲ್ಲಿ ಆಸ್ಟಿನ್ ಮೊದಲು ಬರೆದ ಮುಕ್ತಾಯದಲ್ಲಿ ಮೂರನೆಯವರೊಬ್ಬರು ಅವನಿಗೆ ಒಂದು ಕೆಲಸ ಹೊರಿಸಿ ಅವಳ ಮುಂದೆ ನಿಲ್ಲಿಸುತ್ತಾರೆ. ಅದು ಆಸ್ಟಿನ್‌ಗೆ ಹಿಡಿಸಲಿಲ್ಲ. ಬದಲಿಸಿ ಬರೆದರು. ಹೊಸದರಲ್ಲಿ ಆ್ಯನ್ ಯಾರೊಂದಿಗೋ ಪ್ರೀತಿ ಎಷ್ಟು ಕಾಲ ಉಳಿಯುತ್ತದೆ ಅಂತ ವಾದಿಸುತ್ತಿರುತ್ತಾಳೆ. ಅದೇ ಕೋಣೆಯಲ್ಲಿ ಕೂತಿದ್ದ ಅವನ ಕಿವಿಗೆ ಅದು ಬೀಳುತ್ತದೆ. ಅಲ್ಲೇ ಅವಳಿಗೆ ಪತ್ರ ಬರೆಯುತ್ತಾನೆ. ಅವಳ ಮಾತೇ ಅವನ ಬಾಯಿ ಬಿಡಿಸಿತು. ನಿಮ್ಮ ಕೊನೆಯಲ್ಲಿ ಗೆಳತಿ ಬಂದು ಅವನಿಗೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ಆ ಗೆಳತಿಯನ್ನು ದಯವಿಟ್ಟು ತೆಗೆಯಿರಿ.

ಕಣ್ಣೀರು ಜಾಸ್ತಿಯಾಗಿದೆ, ಅರ್ಧಕ್ಕೆ ಇಳಿಸಿ. ಒಂಬತ್ತನೇ ಅಧ್ಯಾಯದಲ್ಲಿ ಒಬ್ಬರೂ ಅಳುವುದಿಲ್ಲ, ಗಮನಿಸಿದ್ರಾ?

ಸದ್ಯಕ್ಕೆ ಇಡೀ ಕಾದಂಬರಿ ತಿದ್ದಲು ಹೋಗಬೇಡಿ. ರೈಲಿನ ಅಧ್ಯಾಯ ಒಂದನ್ನೇ ಹೊಸದಾಗಿ ಬರೆಯಿರಿ. ಈ ಸಲ ರೈಲು ಹೊರಡಲು ಇನ್ನೂ ಹತ್ತು ನಿಮಿಷ ಇರುವಾಗಲೇ ಅವಳು ಬಂದು ಅವನ ಎದುರು ನಿಂತಿರಲಿ. ಬರೆದು ನೇರವಾಗಿ ನನಗೇ ಕಳಿಸಿ.