ಗೊಲಮ್‌ಗೆ ಎರಡೇ ಸಾಲು ಯಾಕೆ?

ಬದಿಯಡ್ಕದಿಂದ ನೀವು ಕಳಿಸಿದ 'ಫ್ಯಾಂಟಸಿ ಕತೆಗಳ ಹತ್ತು ದುಃಖಿಗಳು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇದರೊಳಗೆ ಒಂದು ಒಳ್ಳೆಯ ಬರಹ ಇದೆ.

ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಕತೆಯ ವೀರ ಟೂರಿನ್‌ಗೆ ಮೊದಲ ಸ್ಥಾನ ಕೊಟ್ಟಿದ್ದೀರಿ. (ಒಂದೇ ಪುಟದಲ್ಲಿ ಟೂರಿನ್, ತೂರಿನ್ ಎರಡೂ ಇವೆ. ಒಂದನ್ನೇ ಇಟ್ಟುಕೊಳ್ಳಿ.) ಅವನಷ್ಟು ಕಳೆದುಕೊಂಡವರು ಇನ್ನಿಲ್ಲ ಅನ್ನುವುದು ನಿಮ್ಮ ವಾದ. ಗೆಳೆಯನನ್ನು ಕೊಂದ, ಗೊತ್ತಿಲ್ಲದೆ ತಂಗಿಯನ್ನೇ ಮದುವೆಯಾದ, ತನ್ನ ಕತ್ತಿಯಿಂದಲೇ ಸತ್ತ. ಎಲ್ಲ ಸರಿ, ಆದರೆ ಲೆಕ್ಕ ಒಪ್ಪಿಸಿದ ಹಾಗಿದೆ. ಸೆರೆಸಿಕ್ಕ ಅವನನ್ನು ಬಿಡಿಸಲು ಬಂದ ಗೆಳೆಯ ಬೆಲೆಗ್ ಕತ್ತಲಲ್ಲಿ ಅವನ ಕಟ್ಟು ಕೊಯ್ಯುವಾಗ ಕತ್ತಿ ಜಾರಿ ಕಾಲಿಗೆ ಚುಚ್ಚಿತು. ಶತ್ರು ಬಂದ ಅಂದುಕೊಂಡು ಎದ್ದವನು ಅದೇ ಕತ್ತಿ ಕಿತ್ತುಕೊಂಡು ಕೊಂದ. ಮಿಂಚು ಹೊಡೆದಾಗ ಕಂಡದ್ದು ಗೆಳೆಯನ ಮುಖ. ಇಷ್ಟು ಬರೆದಿದ್ದರೆ 'ಹೃದಯವಿದ್ರಾವಕ' ಎಂದು ಏಳು ಸಲ ಬರೆಯುವ ಕೆಲಸವೇ ಇರಲಿಲ್ಲ, ಅಲ್ವಾ?

ನನ್ನ ದೊಡ್ಡ ತಕರಾರು ಒಂಬತ್ತನೇ ಸ್ಥಾನದ್ದು. ಟೋಲ್ಕಿನ್ ಅವರದೇ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕತೆಯ ಗೊಲಮ್ ಮಾಯದ ಉಂಗುರದ ಆಸೆಗೆ ಹಾಳಾದ ಎಂದು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. 1954ರಲ್ಲಿ ಬಂದ ಅದರ ಎರಡನೇ ಸಂಪುಟದಲ್ಲಿ ಬರುವ ಬೆಟ್ಟದ ಮೆಟ್ಟಿಲುಗಳ ಹತ್ತಿರ ಇನ್ನೊಮ್ಮೆ ಹೋಗಿ ಬನ್ನಿ. ಆ ಉಂಗುರ ಹೊತ್ತು ಹೊರಟ ಫ್ರೋಡೋ, ಅವನ ಸೇವಕ ಸ್ಯಾಮ್ ಇಬ್ಬರೂ ನಿದ್ದೆ ಹೋಗಿದ್ದಾರೆ. ಅವರನ್ನು ಸಾವಿನ ಬಾಯಿಗೆ ದೂಡಲು ಹೊರಟಿದ್ದ ಗೊಲಮ್ ಹತ್ತಿರ ಬಂದು, ನಡುಗುವ ಕೈಯಿಂದ ಫ್ರೋಡೋನ ಮೊಣಕಾಲು ಮುಟ್ಟುತ್ತಾನೆ. ಆ ಗಳಿಗೆಯಲ್ಲಿ ಅವನು ಬರೀ ದಣಿದ ಮುದುಕ. ಅಷ್ಟರಲ್ಲಿ ಸ್ಯಾಮ್ ಎದ್ದು ಗದರುತ್ತಾನೆ. ಗೊಲಮ್ ಬದಲಾಗುವ ಅವಕಾಶ ಅಲ್ಲಿಗೇ ಮುಗಿಯಿತು. ಇಡೀ ಕತೆಯಲ್ಲಿ ಎಲ್ಲಕ್ಕಿಂತ ದುರಂತದ ಗಳಿಗೆ ಬಹುಶಃ ಇದೇ ಎಂದು ಟೋಲ್ಕಿನ್ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಟೂರಿನ್‌ಗೆ ಶಾಪ ಬೆನ್ನು ಹತ್ತಿತ್ತು. ಇವನಿಗೆ ಬಾಗಿಲು ತೆರೆದಿತ್ತು.

ನಿಮ್ಮೂರಿನ ಕಡೆ ತಾಳಮದ್ದಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕಂದಿನಲ್ಲಿ ಕುಂಬಳೆ ಹತ್ತಿರ ಒಂದು ದೇವಸ್ಥಾನದಲ್ಲಿ 'ಕರ್ಣಭೇದನ' ಕೇಳಿದ್ದೆ. ಕೃಷ್ಣ ಹುಟ್ಟಿನ ಗುಟ್ಟು ಹೇಳಿ, ನಮ್ಮ ಕಡೆ ಬಾ ಅಂದ. ಕರ್ಣನ ಅರ್ಥ ಹೇಳುತ್ತಿದ್ದವರು ಸುಮ್ಮನೆ ಕೂತರು. ನನ್ನ ಪಕ್ಕದಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿಯ ಬೆರಳು ಅಲ್ಲೇ ನಿಂತಿತು. ಕರ್ಣ ಬರುವುದಿಲ್ಲ ಅಂತ ಅವರಿಗೆ ಗೊತ್ತಿಲ್ಲವೇ? ಆದರೂ ಕಾಯುತ್ತಿದ್ದರು.

ಎಂಟು ಜನರನ್ನು ಬಿಡಿ. ಟೂರಿನ್, ಗೊಲಮ್ ಇಬ್ಬರೇ ಸಾಕು. ಕರ್ಣನನ್ನು ತರುವುದಾದರೆ ನೀವು ಕೇಳಿದ ಕರ್ಣನನ್ನೇ ತನ್ನಿ, ನನ್ನವನು ಬೇಡ. ಸ್ಯಾಮ್ ಗದರಿದ್ದು ತಪ್ಪೇ ಎಂಬುದನ್ನೂ ಬರೆಯಿರಿ. ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಒಡೆಯನ ಮೇಲಿನ ಪ್ರೀತಿಯಿಂದಲೇ ಗದರಿದ. ಅದಕ್ಕೇ ಆ ಪುಟ ಓದುವಾಗ ಸಂಕಟ ಜಾಸ್ತಿ.